ಬಣ್ಣ ಬಿಡದ ಸೀರೆಯ ಕುರಿತು ಗಿರಣಿಯ ರಸಾಯನ ತಜ್ಞರಿಗೆ

ತಂಗಡಗಿ, ತಾಲೂಕು ಮುದ್ದೇಬಿಹಾಳ
ಮಾರ್ಚ್ ೧೯೬೧

ಬಣ್ಣಗಳ ಒಡೆಯರೂ ನೀರಿನ ವೈರಿಗಳೂ ಆದ ಮುಖ್ಯ ರಸಾಯನ ತಜ್ಞರ ಸನ್ನಿಧಿಗೆ, ಮದುವೆ ನಿಂತುಹೋದ ದಾವಲಮಲಿಕನ ಸಲಾಮುಗಳು.

ಮಾನ್ಯರೇ,

ತಮ್ಮ ಗಿರಣಿಯ ಕೆಂಪು ಸೀರೆಯ ಅಂಚಿನಲ್ಲಿ 'ಪಕ್ಕಾ ಬಣ್ಣ' ಎಂಬ ಮುದ್ರೆಯಿತ್ತು. ಮುದ್ರೆಯಲ್ಲಿ ನಿಜವನ್ನೇ ಬರೆಯುವ ಗಿರಣಿಯೂ ಇದ್ದೀತೆಂದು ಊಹಿಸದೆ, ನಾನು ಅದನ್ನು ನಿಡಗುಂದಿಯ ನಜಮಾಳಿಗೆ ನಿಶ್ಚಯದ ಸೀರೆಯಾಗಿ ಕಳಿಸಿದೆ. ನಮ್ಮೆರಡು ಮನೆತನಗಳಲ್ಲಿ ಇಂಥ ಸೀರೆಯನ್ನು ಹೆಣ್ಣಿನ ಮನೆಯ ಹಿರಿಯಳು ಎಲ್ಲರೆದುರು ನೀರಿನಲ್ಲಿ ಅದ್ದಿ, ಅದು ಬಿಟ್ಟ ಬಣ್ಣದಲ್ಲಿ ವರನ ಬಿಳಿ ಕೈವಸ್ತ್ರವಾದ ದಸ್ತಿಯನ್ನು ಮುಳುಗಿಸಿ, ಸಂಬಂಧ ಒಪ್ಪಿಗೆಯೆಂದು ಹಿಂದಕ್ಕೆ ಕಳಿಸುವ ಪದ್ಧತಿಯಿದೆ. ನನ್ನ ದಸ್ತಿ ಹೋದಷ್ಟೇ ಬೆಳ್ಳಗೆ ಮರಳಿ ಬಂತು.

ನೀರು ಕುಡಿಯುವಷ್ಟು ತಿಳಿಯಾಗಿತ್ತಂತೆ. ಹೊಸ ಸೀರೆ ಬಣ್ಣ ಬಿಡದೆ ಇರಲಾರದೆಂದು ಬಲ್ಲ ನಜಮಾಳ ಅಜ್ಜಿ ಸುಲ್ತಾನಬಿ, ನೆರೆದ ಹೆಂಗಸರ ನಡುವೆ ಕೇಳಿದ್ದು ಒಂದೇ ಮಾತು: "ಇದು ಯಾರ ಮೈಮ್ಯಾಲಿಂದ ಇಳದ ಸೀರಿರಿ?" ಆಮೇಲೆ ನಮ್ಮ ಮನೆಯ ಸತ್ತವರಲ್ಲಿ ಯಾವ ಹೆಂಗಸಿಗೆ ಕೆಂಪು ಹಿಡಿಸುತ್ತಿತ್ತು ಎಂಬ ವಿಚಾರಣೆ ನಡೆಯಿತು.

ನನ್ನ ತಂದೆ ಬಂದಗಿಸಾಬರು ಸೀರೆಯನ್ನು ಮರಳಿ ತರಿಸಿ ಸೋಡಾದಲ್ಲಿ ಕುದಿಸಿದರು, ಕೃಷ್ಣೆಯ ದಂಡೆಯ ಬಂಡೆಗೆ ಬಡಿದರು, ಕೊನೆಗೆ ಬೈದರು. ಬಂಡೆ ನುಣುಪಾಯಿತು. ಸೀರೆ ಮೊದಲಿಗಿಂತ ಹೊಸದಾಗಿ ಕಂಡಿತು. ಅದನ್ನೂ ಬಿಳಿ ದಸ್ತಿಯನ್ನೂ ಮತ್ತೆ ನಿಡಗುಂದಿಗೇ ಕಳಿಸಿದ್ದೇವೆ. ತಮ್ಮ ವಿದ್ಯೆಗೆ ದೊರೆತ ಒಂದೊಂದು ಜಯವೂ ನಮ್ಮ ಮೇಲಿನ ಆರೋಪಕ್ಕೆ ಒಂದೊಂದು ಸಾಕ್ಷಿಯಾಗಿದೆ.

ಆದ್ದರಿಂದ ತಾವು ದಯಮಾಡಿ ನಿಡಗುಂದಿಗೆ ಬಂದು, ತಮ್ಮ ಬಣ್ಣಕ್ಕೆ ಅರ್ಧ ಗಂಟೆಯ ರಜೆ ಮಂಜೂರು ಮಾಡಬೇಕು. ಅದಾಗದಿದ್ದರೆ ತಾವೇ ಪಾತ್ರೆಯಲ್ಲಿ ಕುಳಿತು ಬಣ್ಣ ಬಿಡಬೇಕು. ಅದೂ ಘನತೆಗೆ ಕುಂದೆನಿಸಿದರೆ, ಮುಂದಿನ ಸೀರೆಗಳ ಮೇಲೆ 'ಮದುವೆಗೆ ಬಾರದು' ಎಂಬ ಮುದ್ರೆಯನ್ನಾದರೂ ಒತ್ತಿಸಬೇಕು.

ಒಗೆದಷ್ಟೂ ಗಟ್ಟಿಯಾಗುತ್ತಿರುವ,
ತಮ್ಮ ವಿಶ್ವಾಸಿ
ದಾವಲಮಲಿಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಡಗುಂದಿಯ ಬಸ್ಸಿನಲ್ಲಿ ಕೆಂಪು ದಸ್ತಿ ಬಂದಿದೆ. ಸೀರೆಯನ್ನು ಇನ್ನೊಮ್ಮೆ ಅದ್ದಿ ನೋಡೆಂದು ನಜಮಾ ಅಜ್ಜಿಯನ್ನು ಒಪ್ಪಿಸಿ, ಎತ್ತಿನ ಕೋಡಿಗೆ ಹಚ್ಚುವ ಬಣ್ಣವನ್ನು ಯಾರೂ ಕಾಣದಂತೆ ನೀರಿಗೆ ಹಾಕಿದಳಂತೆ. ತಾವು ಇಷ್ಟು ವರ್ಷ ಓದಿ ಅಡಗಿಸಿದ್ದನ್ನು ಆಕೆ ಒಂದು ಚಿಟಿಕೆಯಲ್ಲಿ ಹೊರಡಿಸಿದಳು. ಮದುವೆ ಬರುವ ಶುಕ್ರವಾರದ ಜುಮ್ಮಾಕ್ಕೆ. ತಾವು ಅವಶ್ಯ ಬರಬೇಕು, ಏಕೆಂದರೆ ಅದ್ದಿದ ಸುಲ್ತಾನಬಿಯ ಎರಡೂ ಕೈ ಮೊಣಕೈತನಕ ಕೆಂಪಾಗಿವೆ, ತೊಳೆದರೆ ಹೋಗುತ್ತಿಲ್ಲ, ಮತ್ತು ಆ ಬಣ್ಣದ ಪೊಟ್ಟಣದ ಮೇಲೂ ತಮ್ಮ ಗಿರಣಿಯ ಹೆಸರೇ ಇದೆ.