ಮಹಡಿಯಿಂದ ಇಳಿದ ಬಾಡಿಗೆ

"ಬಾಡಿಗೆ ಎಷ್ಟು ಹೇಳಬೇಕು ಅಂತ ಕಂಡಕಂಡವರನ್ನ ಕೇಳೋ ಗತಿ ನನಗೆ ಬಂದಿಲ್ಲ ಕಣೇ! ಈ ಊರಿನ ತಕ್ಕಡಿಗಳೆಲ್ಲ ನನ್ನ ನೆರಳು ಕಂಡರೆ ನಡುಗ್ತವೆ!"

ಹೀಗೆ ಗುಡುಗಿದವರು ಅಳತೆ-ತೂಕ ಇಲಾಖೆಯ ಇನ್ಸ್‌ಪೆಕ್ಟರು. ಜೀವಮಾನವಿಡೀ ಅಂಗಡಿಯವರ ತೂಕದ ಕಲ್ಲುಗಳನ್ನು ಪರೀಕ್ಷಿಸಿ ಪರೀಕ್ಷಿಸಿ, ಲೋಕದ ಸಕಲ ವಸ್ತುಗಳ ಬೆಲೆಯೂ ತಮ್ಮ ಮೂಗಿನ ತುದಿಯಲ್ಲಿದೆ ಎಂಬ ಭ್ರಮೆ ಅವರಿಗೆ ಅಂಟಿಕೊಂಡಿತ್ತು. ತೂಕವೇ ಬೇರೆ, ಬೆಲೆಯೇ ಬೇರೆ ಎಂಬುದನ್ನು ಆ ಮಹಾನುಭಾವರಿಗೆ ಹೇಳುವ ಧೈರ್ಯ ಯಾವ ಅಂಗಡಿಯವನಿಗೂ ಇರಲಿಲ್ಲ. ಸಾಲ ಮಾಡಿ ಮನೆಯ ಮೇಲೊಂದು ಮಹಡಿ ಎಬ್ಬಿಸಿದ್ದರು. ಮಹಡಿ ಬಣ್ಣ ಬಳಿದುಕೊಂಡು ತಿಂಗಳುಗಟ್ಟಲೆ ಖಾಲಿ ಕೂತಿತ್ತು. ಸಾಲದ ಕಂತು ಮಾತ್ರ ಒಂದು ದಿನವೂ ಸುಮ್ಮನೆ ಕೂತಿರಲಿಲ್ಲ!

"ರೀ, ಎದುರುಮನೆಯವರು ಮಹಡೀನ ಹತ್ತು ಸಾವಿರಕ್ಕೆ ಕೊಟ್ಟಿದಾರಂತೆ. ನಾವೂ ಹತ್ತೋ ಹನ್ನೊಂದೋ ಹೇಳಿ ಮುಗಿಸೋಣ," ಎಂದರು ಹೆಂಡತಿ. ಅವರು ಶಾಲೆಯಲ್ಲಿ ಆಟದ ಟೀಚರು. ಓಡುವವರು ಎಲ್ಲಿ ಎಡವುತ್ತಾರೆಂದು ಮೊದಲೇ ಕಾಣುವ ಕಣ್ಣು.

"ಎದುರುಮನೆಯದು ಮನೆಯೇನೇ? ಬೆಂಕಿಪೊಟ್ಟಣ! ಹದಿನೈದು ಹೇಳ್ತೀನಿ. ಬಂದವರು ಗೋಗರೀತಾರೆ. ನಾನು ದೊಡ್ಡ ಮನಸ್ಸು ಮಾಡಿ ಹನ್ನೆರಡಕ್ಕೆ ಇಳೀತೀನಿ. ಅಳೆದೂ ಸುರಿದೂ ಮಾಡೋ ವಿದ್ಯೆ ಇದು, ನಿನಗೆ ಗೊತ್ತಾಗಲ್ಲ."

ಭಾನುವಾರ ಮನೆ ನೋಡಲು ಬಂದವರು ಹಲ್ಲಿನ ಡಾಕ್ಟರಮ್ಮ. ನಲ್ಲಿ ತಿರುಗಿಸಿ ನೋಡಿದರು, ಕಿಟಕಿ ತೆರೆದು ನೋಡಿದರು, ಕೆಳಗಿಳಿದು ಬಂದು ಸೋಫಾದ ಮೇಲೆ ಕೂತರು.

"ಬಾಡಿಗೆ ಎಷ್ಟು ಸರ್?"

"ಹದಿನೈದು ಸಾವಿರ!" ಎಂದವರೇ ಇನ್ಸ್‌ಪೆಕ್ಟರು ಗೋಗರೆತ ಕೇಳಲು ಕಿವಿ ನಿಗುರಿಸಿ ಕೂತರು.

"ಆಯ್ತು ಸರ್. ಯಾವತ್ತು ಬರಲಿ?"

ಬೇರೆ ಯಾರಾದರೂ ಆಗಿದ್ದರೆ ಸಿಹಿ ತರಿಸುತ್ತಿದ್ದರು. ಇಲ್ಲಿ ಬಾಡಿಗೆ ಹೇಳಿದವರ ಮುಖವೇ ಬಾಡಿತು! ಇಷ್ಟು ಸಲೀಸಾಗಿ ಒಪ್ಪಿದಳೆಂದರೆ ಇಪ್ಪತ್ತಕ್ಕೂ ಒಪ್ಪುತ್ತಿದ್ದಳು! ತಿಂಗಳಿಗೆ ಐದು ಸಾವಿರ ಮಣ್ಣುಪಾಲು! ಜೇಬಿಗೆ ಎಂದೂ ಬಂದಿರದ ಆ ಐದು ಸಾವಿರ ಕಳೆದುಹೋದ ಸಂಕಟಕ್ಕೆ ಅವರ ಹೊಟ್ಟೆ ಉರಿಯತೊಡಗಿತು.

"ಅದು... ಬರೀ ಮನೆಗೆ. ನೀರಿಗೆ ಬೇರೆ ಒಂದು ಸಾವಿರ."

"ಸರಿ ಸರ್."

ಇದಕ್ಕೂ ಒಪ್ಪಿಗೆಯೇ! ಇನ್ಸ್‌ಪೆಕ್ಟರು ಮುಂದಕ್ಕೆ ಸರಿದು ಕೂತರು.

"ಮೆಟ್ಟಿಲಿನ ದೀಪಕ್ಕೆ ಐನೂರು."

"ಆಗಲಿ."

ಹೆಂಡತಿ ಕೆಮ್ಮಿದರು. ಕಣ್ಣು ಬಿಟ್ಟರು. ಕಾಲು ತುಳಿದರು. ಇನ್ಸ್‌ಪೆಕ್ಟರು ಆಗಲೇ ಕೈಗೆ ಸಿಗದಷ್ಟು ಮೇಲಕ್ಕೇರಿದ್ದರು.

"ಬಾಲ್ಕನಿಗೆ ಎರಡು ಸಾವಿರ. ಗಾಳಿ ಬಹಳ ಚೆನ್ನಾಗಿ ಬರುತ್ತೆ ನೋಡಿ."

"ಗಾಳಿಗೆ ಮೀಟರ್ ಹಾಕಿಸಿದೀರಾ ಸರ್?"

"ಮೀಟರ್ ಯಾಕೆ, ನಾನಿಲ್ವೇ! ಚಿಲ್ಲರೆ ಲೆಕ್ಕ ಬೇಡ, ಒಟ್ಟು ಇಪ್ಪತ್ತು ಕೊಟ್ಟುಬಿಡಿ."

ಡಾಕ್ಟರಮ್ಮ ಎದ್ದು ಬ್ಯಾಗು ಹೆಗಲಿಗೇರಿಸಿದರು. "ಸರ್, ನಾನೂ ಕೀಳೋಳೇ. ಆದ್ರೆ ಯಾವ ಹಲ್ಲು ಅಂತ ಮೊದಲೇ ಹೇಳಿ ಕೀಳ್ತೀನಿ. ಬರ್ತೀನಿ."

"ನಾಟಕ ಕಣೇ!" ಇನ್ಸ್‌ಪೆಕ್ಟರು ಹೆಂಡತಿಗೆ ಕಣ್ಣು ಮಿಟುಕಿಸಿದರು. "ಗೇಟಿನ ಹತ್ತಿರ ತಿರುಗಿ ನೋಡ್ತಾಳೆ, ನೋಡ್ತಿರು."

ಡಾಕ್ಟರಮ್ಮ ತಿರುಗಿದ್ದೇನೋ ನಿಜ, ಗೇಟಿನ ಚಿಲಕ ಹಾಕಲು!

ಇನ್ಸ್‌ಪೆಕ್ಟರು ದಡಬಡಿಸಿ ಎದ್ದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಸಿಕ್ಕಿಸಿಕೊಂಡು ಬೀದಿಗೆ ಧುಮುಕಿದರು. "ಮೇಡಂ! ಹದಿನೈದೇ ಇರಲಿ!" ಡಾಕ್ಟರಮ್ಮನ ನಡಿಗೆ ಚುರುಕಾಯಿತು. ಕ್ಷೌರದ ಅಂಗಡಿಯ ಮುಂದೆ, "ಹದಿಮೂರು! ನೀರೂ ಸೇರಿ!" ಒಳಗೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದವನು ನೊರೆಯ ಸಮೇತ ಬಾಗಿಲಿಗೆ ಬಂದ. ಬಸ್ ಸ್ಟಾಪಿನಲ್ಲಿ, "ಹನ್ನೊಂದು! ಗಾಳಿ ಬಿಟ್ಟಿ!" ಸಾಲಿನಲ್ಲಿ ನಿಂತವರೆಲ್ಲ ಕತ್ತು ಹೊರಳಿಸಿದರು.

"ಮೊಣಕಾಲು ಮೇಲೆತ್ತಿ ಓಡ್ರೀ!" ಎಂದು ಗೇಟಿನಿಂದ ಹೆಂಡತಿಯ ಕೂಗು ಬೇರೆ.

ಬಸ್ಸು ಬಂತು, ಡಾಕ್ಟರಮ್ಮ ಹತ್ತಿದರು, ಬಸ್ಸು ಹೊರಟೇಬಿಟ್ಟಿತು. ತಕ್ಕಡಿಗಳನ್ನು ನಡುಗಿಸಿದ ಕೈ ಈಗ ಬಸ್ಸಿನ ತಗಡು ಬಡಿಯುತ್ತಿತ್ತು. "ಒಂಬತ್ತು! ಮೇಡಂ, ಒಂಬತ್ತು!"

ಕಂಡಕ್ಟರು ಬಾಗಿಲಿನಿಂದ ಕೈ ಬೀಸಿದ. "ಒಂಬತ್ತು ಹಿಂದೆ ಬರ್ತಿದೆ ಯಜಮಾನ್ರೇ! ಅದನ್ನೇ ಹತ್ಕೊಳ್ಳಿ!"

ಇನ್ಸ್‌ಪೆಕ್ಟರು ಎರಡು ಬಗೆಯ ಚಪ್ಪಲಿಯಲ್ಲಿ ಮನೆಗೆ ವಾಪಸಾದರು. ಬೀದಿಯ ಜನ ದಾರಿಯುದ್ದಕ್ಕೂ ಮರ್ಯಾದೆಯಿಂದ ನಗು ತಡೆದುಕೊಂಡರು. ಹೆಂಡತಿ ಒಂದು ಲೋಟ ನೀರು ಕೊಟ್ಟು, "ಇದಕ್ಕೆ ಬೇರೆ ದುಡ್ಡಿಲ್ಲ, ಕುಡೀರಿ," ಎಂದರು.

ಮರುದಿನ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಅದೇ ಕಂಡಕ್ಟರು, ಜೊತೆಯಲ್ಲಿ ಅವನ ಹೆಂಡತಿ.

"ಕ್ಷಮಿಸಿ ಯಜಮಾನ್ರೇ, ನಿನ್ನೆ ಬಸ್ ನಂಬರ್ ಅಂದ್ಕೊಂಡೆ. ಮನೆ ಬಾಡಿಗೆ ಅಂತ ಆಮೇಲೆ ಬಸ್ಸಲ್ಲಿ ಡಾಕ್ಟರಮ್ಮ ಹೇಳಿ ವಿಳಾಸ ಕೊಟ್ರು. ನಮಗೂ ಮನೆ ಬೇಕಾಗಿತ್ತು."

ಇನ್ಸ್‌ಪೆಕ್ಟರು ಎದೆ ಉಬ್ಬಿಸಿ ಗಂಟಲು ಸರಿಮಾಡಿಕೊಂಡರು. "ನೋಡಪ್ಪಾ, ನಮ್ಮ ಮಹಡಿಗೆ..."

"ಅದಲ್ಲ ಸರ್," ಕಂಡಕ್ಟರು ವಿನಯದಿಂದ ಕೇಳಿದ, "ಒಂಬತ್ತು ಆದ್ಮೇಲೆ ಇನ್ನೂ ಏನಾದ್ರೂ ಕೂಗಿದ್ರಾ? ಇಂಜಿನ್ ಸದ್ದಿಗೆ ಕೇಳಿಸ್ಲಿಲ್ಲ."

ಇನ್ಸ್‌ಪೆಕ್ಟರ ಬಾಯಿ ತೆರೆದುಕೊಂಡಿತು. ಅದರಿಂದ ಏನಾದರೂ ಹೊರಬೀಳುವ ಮೊದಲೇ ಹೆಂಡತಿ ಬೀಗದ ಕೈ ಹಿಡಿದು ಮುಂದೆ ಬಂದರು.

"ಒಂಬತ್ತೇ ಕೊನೇ ಸ್ಟಾಪು ಕಂಡಕ್ಟ್ರೇ. ಇಲ್ಲೇ ಇಳ್ಕೊಂಡುಬಿಡಿ!"