ಬಟಾಣಿಯ ಮಂಡಿಚಿಪ್ಪು

ನಾಲ್ಕು ಕಾಲಿದ್ದೂ ಬಟಾಣಿ ಮೂರರಲ್ಲೇ ಸಂಸಾರ ಸಾಗಿಸುತ್ತಿತ್ತು. ಕೈಚೀಲದಲ್ಲಿ ಕೂರಿಸಬಹುದಾದಷ್ಟು ಪುಟ್ಟ ನಾಯಿ. ನಡೆಯುತ್ತ ನಡೆಯುತ್ತ ಹಿಂಗಾಲೊಂದನ್ನು ಎತ್ತಿಕೊಂಡು ಕುಪ್ಪಳಿಸಿ, ಮತ್ತೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು.

"ಮಂಡಿಚಿಪ್ಪು ಜಾರ್ತಿದೆ. ಹುಟ್ಟಿನಿಂದ್ಲೇ ಬಂದದ್ದು. ಆಪರೇಷನ್ ಆಗ್ಬೇಕು," ಎಂದರು ನಾಯಿ ಡಾಕ್ಟರು.

ಬಟಾಣಿಯ ಯಜಮಾನ ಒಬ್ಬ ಕನ್ನಡಕದಂಗಡಿಯವನು. ನಾಯಿಯ ಇನ್ಶೂರೆನ್ಸ್ ಹಣ ಬಾರದಿದ್ದರೆ ಆಪರೇಷನ್ನಿಗಾಗಿ ಅವನ ಸ್ಕೂಟರ್ ಮಾರುವುದೆಂದು ಹೆಂಡತಿ ಆಗಲೇ ತೀರ್ಪು ಕೊಟ್ಟಿದ್ದಳು. ತನ್ನ ಮುಖಕ್ಕಿಂತ ಆ ಸ್ಕೂಟರನ್ನೇ ಅವನು ಹೆಚ್ಚು ಒರೆಸುತ್ತಿದ್ದ.

ಕಂಪನಿಯವರು ನಾಯಿಯನ್ನು ನೋಡಲು ಬರುವ ದಿನ ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅವನು ತೆಪ್ಪಗಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕ ನಿವೃತ್ತ ಹೆಡ್‌ಮಾಸ್ಟರರ ಮುಂದೆ ಬಾಯಿ ಬಿಟ್ಟ.

"ಹುಟ್ಟಿನಿಂದ ಬಂದದ್ದು ಅಂದ್ರೋ, ಮುಗೀತು!" ಎಂದರು ಅವರು. "ನನ್ನ ಷಡ್ಡಕನ ನಾಯಿಗೆ ಬಿಡಿಗಾಸು ಕೊಡ್ಲಿಲ್ಲ. ಬಿದ್ದು ಪೆಟ್ಟಾಯ್ತು ಅನ್ನಿ."

"ಅದು ಸುಳ್ಳಲ್ವಾ ಸಾರ್?"

"ಯಾಕೆ, ನಿಮ್ಮ ನಾಯಿ ಜನ್ಮದಲ್ಲಿ ಒಂದ್ಸಲಾನೂ ಬಿದ್ದಿಲ್ವಾ?"

ಮಾತು ಮೇಲ್ಮನೆ ಆಂಟಿಯ ಕಿವಿಗೂ ಬಿತ್ತು. ಕರೆಯದೆಯೇ ಇಳಿದು ಬಂದರು. "ನಾನು ಕಣ್ಣಾರೆ ನೋಡ್ದೆ ಅಂತೀನಿ, ನೀವು ಧೈರ್ಯವಾಗಿರಿ."

ಇನ್ಶೂರೆನ್ಸಿನವರು ಬಂದಾಗ ಇಬ್ಬರೂ ಅವನ ಮನೆಯಲ್ಲೇ ಕೂತಿದ್ದರು. ಬೆಳಗಿನಿಂದ ಕುಂಟುತ್ತಿದ್ದ ಬಟಾಣಿ ನಾಲ್ಕೂ ಕಾಲಲ್ಲಿ ಮನೆಯೆಲ್ಲ ಸುತ್ತಿತು. ಅವನಿಗೆ ಕುತ್ತಿಗೆ ಹಿಸುಕುವಷ್ಟು ಕೋಪ ಬಂತು. ಬಂದವರು ಮಾತ್ರ ಸಮಾಧಾನದ ಮನುಷ್ಯ. ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಮಂಡಿ ಸವರಿ, "ಪಾಪ, ಹುಟ್ಟಿನಿಂದ ಬಂದದ್ದು ತಾನೇ?" ಎಂದರು.

"ಛೆ ಛೆ! ಸೋಫಾದಿಂದ ಬಿತ್ತು ಸಾರ್!"

"ಮೆಟ್ಟಿಲಿಂದ," ಎಂದರು ಹೆಡ್‌ಮಾಸ್ಟರರು, ಅದೇ ಹೊತ್ತಿಗೆ.

"ಸರಿಯಾಗಿ ನೆನಪು ಮಾಡ್ಕೊಳ್ಳಿ. ಡಾಕ್ಟರು ಹುಟ್ಟಿನಿಂದ ಅಂತಾನೇ ಬರ್ದಿದ್ದಾರೆ."

"ಡಾಕ್ಟರೇನು ಇಲ್ಲಿದ್ರಾ? ನಾನಿದ್ದೆ!" ಆಂಟಿ ಮುಂದೆ ಬಂದರು. "ಸೋಫಾದಿಂದ ಎತ್ಕೊಂಡು ಮೆಟ್ಟಿಲಿಳೀತಿದ್ರು. ಫೋನ್ ನೋಡ್ತಾ ನಾಯೀನ ಕೈಬಿಟ್ರು. ಅದು ಕುಂಯ್ಯೋ ಅಂದದ್ದು ಇನ್ನೂ ಕಿವೀಲಿದೆ."

ಎರಡು ಸುಳ್ಳನ್ನು ಆಂಟಿ ಒಂದೇ ದಾರದಲ್ಲಿ ಪೋಣಿಸಿದ್ದು ಕಂಡು ಹೆಡ್‌ಮಾಸ್ಟರರು ಮೆಚ್ಚಿ ತಲೆದೂಗಿದರು.

"ನೀವೇ ಕೈಬಿಟ್ರಾ?"

"ಹೌದು ಸಾರ್," ಎಂದ ಅವನು, ಸ್ಕೂಟರನ್ನು ನೆನೆದು. "ನಾನೇ."

ಇನ್ಶೂರೆನ್ಸಿನವರು ಪೆನ್ನಿನ ಮುಚ್ಚಳ ಹಾಕಿದರು. "ಎಂಥಾ ಕೆಲ್ಸ ಆಯ್ತು ನೋಡಿ. ಹುಟ್ಟಿನಿಂದ ಬಂದ ತೊಂದ್ರೆಗಳಿಗೆ ಅಂತಾನೇ ನಿಮ್ಮ ಮನೆಯವರು ಹೆಚ್ಚು ಕಟ್ಟಿ ಪಾಲಿಸಿ ಮಾಡ್ಸಿದ್ರು. ಪೂರ್ತಿ ಖರ್ಚು ನಮ್ದೇ ಆಗ್ತಿತ್ತು. ನಾಯಿ ಸಾಕಿದವರೇ ಕೈಬಿಟ್ಟು ಆದ ಪೆಟ್ಟಿಗೆ ಏನೂ ಬರಲ್ಲ."

ಅಂಗಡಿಯ ಗೋಡೆಯ ಮೇಲಿನ ಹಲಗೆಯಲ್ಲಿ ಕೊನೆಯ ಸಾಲಿನ ಸಣ್ಣಕ್ಷರವನ್ನು ದಿನವಿಡೀ ಜನರಿಂದ ಓದಿಸುವವನು, ತನ್ನ ಮನೆಯ ಪಾಲಿಸಿಯ ದಪ್ಪಕ್ಷರವನ್ನೂ ಓದಿರಲಿಲ್ಲ.

"ಸಾರ್, ಬಿದ್ದೇ ಇಲ್ಲ ಸಾರ್! ಹುಟ್ಟಿನಿಂದ್ಲೇ ಸಾರ್! ಆಂಟಿ, ಹೇಳಿ ನೀವು!"

ಆಂಟಿ ಸೆರಗು ಸರಿಮಾಡಿಕೊಂಡರು. "ಅಂದ್ರೆ ನಾನು ಸುಳ್ಳುಗಾತೀನಾ?"

"ನಲವತ್ತು ವರ್ಷ ಪಾಠ ಹೇಳಿದ ಬಾಯಿ ಇದು," ಎಂದರು ಹೆಡ್‌ಮಾಸ್ಟರರು. "ಮಾತು ಬದಲಾಯಿಸಿ ಗೊತ್ತಿಲ್ಲ."

ಸಂಜೆ ಹೆಂಡತಿ ಮನೆಯ ಬಾಗಿಲು ಮುಟ್ಟುವ ಮೊದಲೇ ಮೆಟ್ಟಿಲಲ್ಲಿ ಆಂಟಿ ಎಲ್ಲವನ್ನೂ ವರದಿ ಮಾಡಿದ್ದರು, ಕುಂಯ್ಯೋ ಎಂಬ ಶಬ್ದದ ಸಮೇತ. ಅವಳು ಬಟಾಣಿಯನ್ನು ಎದೆಗವಚಿಕೊಂಡು ಇನ್ನೊಂದು ಕೈ ಚಾಚಿದಳು. "ಸ್ಕೂಟರ್ ಕೀ ಕೊಡಿ."

"ನನ್ ಮಾತು ಕೇಳೇ. ನಾನು ಬೀಳಿಸ್ಲಿಲ್ಲ. ಅದು ಹುಟ್ಟಿನಿಂದ ಬಂದದ್ದು!"

"ನಿಮ್ಮ ಬುದ್ಧಿ ತಾನೇ? ಗೊತ್ತು," ಎಂದಳು ಹೆಂಡತಿ. "ಅದಕ್ಕೆ ಯಾವ ಕಂಪನೀಲೂ ಇನ್ಶೂರೆನ್ಸ್ ಇಲ್ಲ."