ಅರವತ್ನಾಲ್ಕು ಗೆರೆಯ ಅಕ್ಷರ

ಓದಲು ಬಾರದ ಅಕ್ಷರವನ್ನು ಗೋಡೆಗೆ ತೂಗುಹಾಕಿಕೊಂಡ ಮನೆಯಲ್ಲಿ ಇಂಥವು ನಡೆಯದೆ ಇರುವುದಿಲ್ಲ.

೧. ನಮ್ಮವರ ಭಾಷ್ಯ

ತೊಂಬತ್ತರ ದಶಕದಲ್ಲಿ ನಮ್ಮವರು ಹಳೆ ಸಾಮಾನಿನ ಸಂತೆಯಿಂದ ಒಂದು ಚೀನಿ ಪಟ ತಂದು ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯ ಹಾಲಿನಲ್ಲಿ ಹಾಕಿದರು. ಅದರಲ್ಲಿದ್ದುದು ಒಂದೇ ಅಕ್ಷರ. ಒಂದೇ ಆಕೃತಿಯನ್ನು ನಾಲ್ಕು ಸಲ ಒತ್ತೊತ್ತಾಗಿ ಬರೆದಂತಿತ್ತು. ಬಂದವರಿಗೆಲ್ಲ ಅರ್ಥ ಹೇಳುವುದು ಇವರ ಕೆಲಸ. ಮದುವೆಯಾಗದವರಿಗೆ ‘ಕಲ್ಯಾಣ’, ಮಂಡಿನೋವಿನವರಿಗೆ ‘ಆರೋಗ್ಯ’. ಊಟ ಆರಿದರೂ ವಿವರಣೆ ಮುಗಿಯುತ್ತಿರಲಿಲ್ಲ.

“ನಿಜವಾದ ಅರ್ಥ ಏನ್ರೀ?” ಎಂದು ಒಮ್ಮೆ ಕೇಳಿದೆ.

“ಯಾರಿಗೆ?” ಎಂದರು.

೨. ನಾದಿನಿಯ ಗಡುವು

ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಮಾತೇ ಇಲ್ಲ. ತಿಂಗಳಾದ ಮೇಲೆ ಲಂಡನ್ನಿನ ಇನ್ನೊಂದು ಕೊನೆಯ ಸಟನ್ನಿನಿಂದ ನಾದಿನಿ ಬಂದಳು.

“ವೈನಿ, ಈ ಪಟದಾಗ ಏನ್ ಅಪಶಕುನ ಬರದದೋ ಏನೋ. ಐತವಾರದೊಳಗ ಅರ್ಥ ಹೇಳ್ರಿ. ಇಲ್ಲಾಂದ್ರ ನಾನ ಇಳಸ್ತೀನಿ.”

ಅವರೇ ಕೈಯಾರೆ ಮೊಳೆ ಹೊಡೆದು ಹಾಕಿದ ಪಟ. ಇಳಿಸಲು ನನಗೆ ಮನಸ್ಸಿರಲಿಲ್ಲ. “ನಿಮ್ಮಣ್ಣ ಆರೋಗ್ಯ ಅಂತಿದ್ದರಲ್ಲ” ಎಂದೆ.

“ನನಗ ‘ತವರಿನ ಸುಖ’ ಅಂದಿದ್ದ!”

೩. ಟೇಕ್‌ಅವೇ ಅಂಗಡಿ

ಅಕ್ಷರವನ್ನು ಚೀಟಿಯಲ್ಲಿ ಬರೆದುಕೊಂಡು ಊಟ ಕಟ್ಟಿಕೊಡುವ ಚೀನಿ ಟೇಕ್‌ಅವೇ ಅಂಗಡಿಯ ಯಜಮಾನನ ಬಳಿ ಹೋದೆ. ಆತ ಅಡ್ಡಡ್ಡ ತಲೆಯಾಡಿಸಿದ. “ಒಂದೊಂದೂ ಡ್ರ್ಯಾಗನ್. ನಾಲ್ಕು ಸೇರಿದರೆ ಏನೋ, ನನಗೆ ಓದಲು ಬರುವುದಿಲ್ಲ.”

“ನಿಮ್ಮ ಅಕ್ಷರ ನಿಮಗೇ ಬರುವುದಿಲ್ಲವೇ? ಕನ್ನಡದಲ್ಲಿ ಏನು ಬರೆದಿದ್ದರೂ, ಅರ್ಥ ತಿಳಿಯದಿದ್ದರೂ, ಓದಿಬಿಡುತ್ತೇವೆ.”

“ಅರ್ಥ ತಿಳಿಯದೆ ಯಾಕೆ ಓದುತ್ತೀರಿ?” ಎಂದ.

ಮೂವತ್ತು ವರ್ಷ ಪಾಠ ಮಾಡಿದವಳು ಚೀಟಿ ಮಡಚತೊಡಗಿದೆ. ಪಾಪ, ಗೆರೆ ಎಣಿಸಿ ನಿಘಂಟಿನಲ್ಲಿ ಹುಡುಕುವುದನ್ನು ಅವನೇ ಹೇಳಿಕೊಟ್ಟ: ಕುಂಚ ಎತ್ತದೆ ಬರೆದದ್ದು ಎಷ್ಟೇ ಬಾಗಿದರೂ ಒಂದೇ ಗೆರೆ.

೪. ಭಾನುವಾರ

ಶನಿವಾರ ಚೀನಿ ಪುಸ್ತಕಗಳ ಲೈಬ್ರರಿಗೆ ಹೋಗಿ, “ಅರವತ್ನಾಲ್ಕು ಗೆರೆ” ಎಂದೆ.

“ಅಷ್ಟು ಇರಲಾರದು, ಇನ್ನೊಮ್ಮೆ ಎಣಿಸಿ” ಎಂದಳು ಅಲ್ಲಿದ್ದ ಚೀನಿ ಹುಡುಗಿ.

“ಹದಿನಾರು ನಾಲ್ಕಲೆ ಅರವತ್ನಾಲ್ಕು. ನಾನು ಗಣಿತದ ಟೀಚರ್.”

ದಪ್ಪ ನಿಘಂಟಿನಲ್ಲಿ ಡ್ರ್ಯಾಗನ್ ವಿಭಾಗದ ಕಟ್ಟಕಡೆಗೆ ಅದು ಸಿಕ್ಕಿತು. ಹುಡುಗಿ ಅದನ್ನು ಓದಿ ನಕ್ಕಳು. ಉಚ್ಚಾರಣೆ ಸುಮಾರು ‘ಜ’. ನಾಲಿಗೆ ಹಿಂದಕ್ಕೆ ಮಡಚಿ, ಪ್ರಶ್ನೆ ಕೇಳುವಂತೆ ದನಿ ಏರಿಸಬೇಕು. ಟ್ಯೂಬ್ ರೈಲಿನಲ್ಲಿ ದಾರಿಯುದ್ದಕ್ಕೂ “ಜ? ಜ?” ಎನ್ನುತ್ತ ಬಂದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಭಾನುವಾರ ನಾದಿನಿ ಬಂದವಳೇ ಸ್ಟೂಲು ಹತ್ತಿ ನಿಂತಳು. “ಹೇಳ್ರಿ ವೈನಿ, ಅರ್ಥ ಸಿಕ್ತೇನು?”

“ಸಿಕ್ಕಿತು. ಅತಿಯಾಗಿ ಮಾತನಾಡುವುದು.”

ಅವಳು ಪಟ ನೋಡಿದಳು, ಅಣ್ಣನ ಫೋಟೊ ನೋಡಿದಳು. ನಗು ತಡೆಯಲಾಗದೆ ಸ್ಟೂಲಿನ ಮೇಲೇ ಕುಳಿತಳು. ತಿಂಗಳ ಮೇಲೆ ನಾನೂ ಮೊದಲ ಸಲ ನಕ್ಕೆ.

“ಇಳಸಬ್ಯಾಡ್ರಿ ವೈನಿ” ಎಂದಳು ಕಣ್ಣೊರೆಸಿಕೊಳ್ಳುತ್ತ. “ಫೋಟೊದ ಕೆಳಗ ಹಾಕೋಣು. ಅಣ್ಣನ ಹೆಸರು ಬರದಂಗ ಇರ್ತದ.”